ಡಬ್ಬಿಂಗ್

ಎಂಬತ್ತಾರರ ಚಳಿಗಾಲ. ಸ್ವೆರ್ದ್ಲೋವ್ಸ್ಕ್.
ಟರ್ಬೈನ್ ಕಾರ್ಖಾನೆಯ ಸಂಸ್ಕೃತಿ ಭವನಕ್ಕೆ
ಇನ್ನೂರು ಹುಡುಗರು ಬೇಕೆಂದಿತು ಚಿತ್ರತಂಡ,
ತಲೆಗೆ ಮೂರು ರೂಬಲ್, ಮೇಲೊಂದು ಲೋಟ ಚಹಾ.
ಬಂದವರು ಏಳುನೂರು.
ತಮ್ಮದೇ ಬ್ಯಾಂಡು ನೋಡಲು ಸರ್ಕಾರವೇ ದುಡ್ಡು ಕೊಡುವಾಗ
ಯಾವನು ಬಿಟ್ಟಾನು?

ಬ್ಯಾಂಡಿನ ಹೆಸರು 'ಬಿಸಿನೀರಿಲ್ಲ'.
ಜೂನ್ ಬಂತೆಂದರೆ ವಠಾರದ ಬಾಗಿಲಿಗೆ ಅಂಟಿಸುವ
ಚೀಟಿಯಿಂದ ಕದ್ದದ್ದು.
ಬಾಯ್ಲರ್ ಕೋಣೆ, ಹಾಸ್ಟೆಲ್ಲಿನ ಬಟ್ಟೆ ಒಗೆಯುವ ಮನೆ,
ಅದಕ್ಕಿಂತ ದೊಡ್ಡ ವೇದಿಕೆ ಕಂಡವರಲ್ಲ.
ಡ್ರಮ್ ಬಡಿಯುವ ಮರಾತ್ ಟಾಟರರ ಹುಡುಗ,
ಹಗಲು ಟ್ರಾಮಿನ ಕಂಬಿ ಬೆಸೆಯುತ್ತಿದ್ದ.
ಹಾಡುವವನು ಇನ್ನೊಕೆಂತಿ. ಗೆಳೆಯರ ಬಾಯಲ್ಲಿ ಕೇಶಾ.
ನಮ್ಮ ಕಡೆ ಹಾಗೆಂದರೆ ಕೂದಲು;
ಅವನಿಗೂ ಇತ್ತು, ಹೆಗಲು ಮುಟ್ಟುವಷ್ಟು.
ತಿಂಗಳಿಗೊಮ್ಮೆ ಯುವಸಂಘ ಸಭೆ ಸೇರಿ
ಅದರ ಮೇಲೊಂದು ಠರಾವು ಬರೆಯುತ್ತಿತ್ತು.

ಪೊಲೀಸರ ಪಾತ್ರಕ್ಕೆ ಪೊಲೀಸ್ ಶಾಲೆಯ ಹುಡುಗರನ್ನೇ ತಂದಿದ್ದರು.
ಮೊದಲ ಟೇಕಿನಲ್ಲಿ ಕಂಬಗಳು.
ನಾಲ್ಕನೆಯದರ ಹೊತ್ತಿಗೆ ಬೂಟಿನ ಹಿಮ್ಮಡಿ
ಯಾರನ್ನೂ ಕೇಳದೆ ತಾಳ ಹಿಡಿಯಿತು.
ನಿರ್ದೇಶಕ 'ಕಟ್' ಎಂದ, ಯಾರಿಗೂ ಕೇಳಿಸಲಿಲ್ಲ.
ರೀಲು ಮುಗಿಯಿತು, ಯಾರಿಗೂ ತಿಳಿಯಲಿಲ್ಲ.
ಕೇಶಾ ಕಣ್ಣು ಮುಚ್ಚಿ ಅರಚುತ್ತಿದ್ದ:

    ಮೂರನೇ ಪಾಳಿ ಮುಗಿದು ವರ್ಷವಾಯಿತು,
    ಯಾರಾದರೂ ಆ ಸೈರನ್ ನಿಲ್ಲಿಸಿ.

*

ಮಾಸ್ಕೋದಿಂದ ಕಾಗದ ಬಂತು. ಸೈರನ್ ಬೇಡ.
ಪಾಳಿ ಇರಲಿ, ಅದು ಮುಗಿಯುವುದು ಬೇಡ.

ಪ್ರಮಾಣಪತ್ರವುಳ್ಳ ಗಾಯಕನೊಬ್ಬ ಬಂದ,
ಕಂಠಕ್ಕೆ ಮಫ್ಲರು, ಕೈಯಲ್ಲಿ ಬಿಸಿ ಹಾಲು.
ಪರದೆ ನೋಡಿಕೊಂಡು ಹಾಡಿದ:
ಬೆಳಗಾಯಿತು ಗೆಳೆಯರೇ, ದಾರಿ ನಮ್ಮದೇ.
ಸಂಕಲನದ ಮೇಜಿನಲ್ಲಿ ರಿಮ್ಮಾ ಪಾವ್ಲೋವ್ನಾ
ಎರಡು ರಾತ್ರಿ ಹೆಣಗಿದಳು.
ತುಟಿ ಏರಿಗೆ ಎಳೆದರೆ ದನಿ ನೀರಿಗೆ.
ಬೇರೆಯವರ ಹಲ್ಲುಸೆಟ್ಟಿನ ಹಾಗೆ
ಆ ಬಾಯಲ್ಲಿ ಈ ಮಾತು ಕೂರಲೇ ಇಲ್ಲ.
'ಇರಲಿ ಬಿಡಿ' ಎಂದರು ಮೇಲಿನವರು,
'ತುಟಿ ಯಾರು ನೋಡುತ್ತಾರೆ?'

ಡ್ರಮ್ಮು ಮಾತ್ರ ಮರಾತನದೇ ಉಳಿಯಿತು.
ಡ್ರಮ್ಮಿಗೆ ಬಾಯಿಲ್ಲವಲ್ಲ.
ಹೊಸದಾಗಿ ಬಡಿಸಲು ದುಡ್ಡೂ ಇರಲಿಲ್ಲ.

ಊರಿನ ದೊಡ್ಡ ಟಾಕೀಸಿನಲ್ಲಿ ಹಾಕಿದರು.
ಹುಡುಗರು ಶಿಳ್ಳೆ ಹೊಡೆದು ಎದ್ದು ಹೋದರು.
ಕೇಶಾ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು
ಇನ್ನೊಬ್ಬನ ದನಿಗೆ ಬಾಯಿ ಆಡಿಸುವ ತನ್ನನ್ನು ನೋಡಿದ.
ನಲವತ್ತೇ ಸೆಕೆಂಡು.
ಟ್ರಾಮು ಹತ್ತದೆ ನಡೆದೇ ಮನೆಗೆ ಹೋದ.

*

ಮಾರ್ಚಿನಲ್ಲಿ ಒಂದು ಪ್ರತಿ ಕಿವುಡರ ಸಂಘದ ಭವನಕ್ಕೆ ಹೋಯಿತು.
ಅಲ್ಲಿ ಸೇರುವವರಲ್ಲಿ ಹೆಚ್ಚಿನವರು ಒತ್ತುಯಂತ್ರದ ವಿಭಾಗದವರು;
ಕೇಳುವ ಕಿವಿ ತಾಳದ ಕಡೆ
ಕೇಳದ ಕಿವಿಗೆ ಕೆಲಸ ಸಿಗುತ್ತದೆ.
ರೀಲಿನ ಡಬ್ಬ ತಂದ ರಿಮ್ಮಾ
ಹಿಂದೆ, ಕೋಟುಗಳ ಪಕ್ಕದಲ್ಲಿ ನಿಂತಿದ್ದಳು.

ಡ್ರಮ್ಮು ಶುರುವಾಯಿತು.
ಸಾಲಿಗೆ ಸಾಲೇ ಬಗ್ಗಿತು.
ಏನೋ ಬಿದ್ದಿರಬೇಕು, ಹುಡುಕುತ್ತಿದ್ದಾರೆ ಅಂದುಕೊಂಡಳು.
ಬೂಟು ಬಿಚ್ಚುತ್ತಿದ್ದರು.
ಹಲಗೆಯ ನೆಲದ ಮೇಲೆ ಮುನ್ನೂರು ಜೊತೆ ಉಣ್ಣೆಯ ಕಾಲುಚೀಲ.

ಪರದೆ ತುಂಬ ಕೇಶಾನ ಬಾಯಿ.

ಆಮೇಲೆ ಕೈಗಳೆದ್ದವು,
ಪ್ರೊಜೆಕ್ಟರಿನ ಬೆಳಕಿನೊಳಕ್ಕೇ,
ಹಾಡುವವನ ಹಣೆಯ ಮೇಲೆ ನೂರಾರು ನೆರಳು,
ಮುಷ್ಟಿ ತಿರುಗಿ, ತಿರುಗಿ, ಥಟ್ಟನೆ ನಿಂತು,
ಮತ್ತೆ ತಿರುಗಿ, ತಿರುಗಿ, ಥಟ್ಟನೆ ನಿಂತು.
ರಿಮ್ಮಾಗೆ ತಲೆಬುಡ ತಿಳಿಯಲಿಲ್ಲ.

ಫೈನಾ ಎಂಬ ಹುಡುಗಿ, ಬೆರಳ ತುದಿಗೆ ಗ್ರೀಸು,
ಟಿಕೆಟ್ಟಿನ ಬೆನ್ನಿಗೆ ಬರೆದು ಕೊಟ್ಟಳು:
'ಯಾರಾದರೂ ಆ ಸೈರನ್ ನಿಲ್ಲಿಸಿ.'
ಕೆಳಗೆ, ಜಾಗ ಸಾಲದೆ, ಅಂಚಿನುದ್ದಕ್ಕೆ:
'ನಮಗೆ ಅದು ಕಾಲಿಗೆ ಕೇಳುತ್ತೆ.
ಇವನ್ಯಾರು? ನಮ್ಮವನಾ?'

ಪ್ರದರ್ಶನ ಮುಗಿದ ಮೇಲೆ ಒಂದು ಫಾರಂ ತುಂಬಬೇಕು,
ಮೂರು ಪ್ರತಿ, ಕಾರ್ಬನ್ ಇಟ್ಟು.
ಪ್ರೇಕ್ಷಕರ ಸಂಖ್ಯೆ: ಮುನ್ನೂರ ಹನ್ನೆರಡು.
ಪ್ರತಿಯ ಸ್ಥಿತಿ: ಉತ್ತಮ.
ಪ್ರೇಕ್ಷಕರ ಪ್ರತಿಕ್ರಿಯೆ:
ಪೆನ್ನು ಎತ್ತಿ ಒಂದು ಗಳಿಗೆ ಹಿಡಿದಳು ರಿಮ್ಮಾ,
ಆಮೇಲೆ ತನ್ನ ದುಂಡು ಅಕ್ಷರದಲ್ಲಿ ಬರೆದಳು,
ಮೊದಲಿನಿಂದ ಕೊನೆಯವರೆಗೆ
ಸದ್ದಿಲ್ಲದೆ ನೋಡಿದರು.