ಇನಾಸಿನ್ ಮಾವ್ಶಿಯ ದೊತೊರ್ನ್

ಜೆಪ್ಪುವಿನ ಹಂಚಿನ ಕಾರ್ಖಾನೆ ಐದಕ್ಕೆ ಕೂಗಿದರೆ
ಇನಾಸಿನ್ ಮಾವ್ಶಿ ಮಡಿಲಿಗೆ ಬೀಡಿಯ ಮರ ಎಳೆದುಕೊಳ್ಳುವಳು,
ನಾನು ದೊತೊರ್ನ್ ಪುಸ್ತಕ.

ಒಂದು ಎಲೆಗೆ ಒಂದು ಪ್ರಶ್ನೆ.
‘ಕೊಣೆಂ ತುಕಾ ರಚ್ಲೆಂ?’
ಸೊಪ್ಪು ತುಂಬಿ, ಸುರುಳಿ ಸುತ್ತಿ,
ನೂಲು ಬಿಗಿಯುವಷ್ಟರಲ್ಲಿ
ಉತ್ತರ ಬರಬೇಕು: ‘ದೇವಾನ್.’
ಸಡಿಲ ಬೀಡಿಯನ್ನು ಬ್ರಾಂಚಿನವ ಮುರಿದು ಎಸೆಯುತ್ತಾನೆ,
ಸಡಿಲ ಉತ್ತರವನ್ನು ಪದ್ರಾಬು.
ಎರಡನೇ ಕ್ಲಾಸಿಗೆ ಶಾಲೆ ಬಿಟ್ಟ ಮಾವ್ಶಿಯ
ದೇವಶಾಸ್ತ್ರ ಇಷ್ಟೇ.

ದೇವರು ಎಲ್ಲಿದ್ದಾನೆ? ಎಲ್ಲ ಕಡೆ.
ಮತ್ತೆ ಕಾಣುವುದಿಲ್ಲ ಯಾಕೆ? ಅವನಿಗೆ ಶರೀರ ಇಲ್ಲ.
ಏಳು ಸಂಸ್ಕಾರ, ಹತ್ತು ಕಟ್ಟಳೆ,
ಇಪ್ಪತ್ತೈದು ಬೀಡಿಗೆ ಒಂದು ಕಟ್ಟು.
ನಿದ್ದೆಯಲ್ಲಿ ಕೇಳಿದರೆ ಒಂದರ ಲೆಕ್ಕ
ಇನ್ನೊಂದಕ್ಕೆ ಹೇಳುತ್ತಿದ್ದೆ.

ಮಾವ್ಶಿಯ ಎದುರಿಗೆ ಇನ್ನೊಂದು ಮರ,
ಬಾವಿಯ ಆಚೆ ಮನೆಯ ವಾರಿಜಳದು.
ನನಗಿಂತ ಎರಡು ವರ್ಷ ದೊಡ್ಡವಳು.
ಮನೆಯಲ್ಲಿ ತುಳು; ಕೊಂಕಣಿ ಅವಳಿಗೆ
ಹೊಗೆಸೊಪ್ಪಿನ ಘಾಟಿನ ಹಾಗೆ
ಯಾರೂ ಕೊಡದೆ ಒಳಗೆ ಹೋದದ್ದು.
ಬೆರಳು ನಿಲ್ಲುತ್ತಿರಲಿಲ್ಲ, ತುಟಿ ಮಾತ್ರ
ನನಗಿಂತ ಒಂದು ಉಸಿರು ಮೊದಲು
ಉತ್ತರ ಮುಗಿಸಿ ಸುಮ್ಮನಿರುತ್ತಿತ್ತು.

ಕುಮ್ಗಾರಿನ ಹಿಂದಿನ ಶನಿವಾರ ಪರೀಕ್ಷೆ.
ಪದ್ರಾಬ್ ಕೇಳಿದರು: ‘ಏಳನೆಯ ಕಟ್ಟಳೆ?’
ಆರು ಗೊತ್ತು. ಎಂಟು ಗೊತ್ತು.
ನಡುವೆ ಒಂದು ಬೀಡಿ ಖಾಲಿ.
ಕಿಟಕಿಯಾಚೆ, ಬ್ರಾಂಚಿಗೆ ಹೊರಟ ವಾರಿಜ
ಬುಟ್ಟಿ ಸೊಂಟಕ್ಕಿಟ್ಟು ನಿಂತಿದ್ದಳು.
ತುಟಿ ಅಲುಗಿತು.
‘ಚೊರಿನಾಕಾ’ ಎಂದೆ.
ಕದಿಯಬೇಡ ಎಂಬುದನ್ನೇ
ಕದ್ದು ಹೇಳಿದೆ.

ಶಾಭಾಸ್ ಸಿಕ್ಕಿತು, ಜೊತೆಗೆ ಒಂದು ಚಿತ್ರ:
ನೀಲಿ ಹೊದ್ದ ಮರಿಯಮ್ಮ, ಅಂಚಿಗೆ ಬಂಗಾರದ ಬಣ್ಣ.
ವಾರಿಜ ಕೈಯನ್ನು ಲಂಗಕ್ಕೆ ಎರಡು ಸಲ ಒರೆಸಿ
ಹಿಡಿದು ನೋಡಿದಳು, ಬಹಳ ಹೊತ್ತು.
‘ಇವಳ ಕಾಲಡಿಯಲ್ಲಿ ಹಾವು ಯಾಕೆ?’

ಅವರ ಹಿತ್ತಿಲಲ್ಲಿ ಬನವಿತ್ತು.
ಅಲ್ಲಿ ಒಣಗಿ ಬಿದ್ದ ಕಡ್ಡಿಯನ್ನೂ
ಒಲೆಗೆ ಒಯ್ಯುವವರಿಲ್ಲ.
ನಾನು ಪುಸ್ತಕ ತಿರುವಿದೆ, ಹಿಂದಿನಿಂದ, ಮುಂದಿನಿಂದ.
‘ಹಾವಿನದ್ದು ಪರೀಕ್ಷೆಗೆ ಇಲ್ಲ’ ಎಂದೆ.
ಚಿತ್ರ ವಾಪಸು ಕೊಟ್ಟಳು.
ನಾನು ತೆಗೆದುಕೊಂಡೆ.

ಈಗ ಭಾನುವಾರದ ಮಕ್ಕಳಿಗೆ ನಾನೇ ಕಲಿಸುತ್ತೇನೆ.
ಬೀಡಿ ಇಲ್ಲ, ಮಾವ್ಶಿ ಇಲ್ಲ;
ಕಾರ್ಖಾನೆಯ ಚಿಮಿಣಿಗೆ ಆಲದ ಗಿಡ ಹುಟ್ಟಿದೆ.
ಮಕ್ಕಳು ಚೆನ್ನಾಗಿ ಒಪ್ಪಿಸುತ್ತಾರೆ,
ಬೇಗ ಒಪ್ಪಿಸುತ್ತಾರೆ, ಅವರ ಅಮ್ಮಂದಿರು
ಗೇಟಿನಲ್ಲಿ ಸ್ಕೂಟರ್ ಆಫ್ ಮಾಡುವುದಿಲ್ಲ.

ಹೋದ ವಾರ, ಪಾಠ ಮುಗಿಸಿ ಬರುವಾಗ
ಸ್ಟೇಟ್ ಬ್ಯಾಂಕ್ ಬಸ್‌ಸ್ಟಾಪಿನಲ್ಲಿ
ಹಿಂದಿನಿಂದ ಯಾರೋ, ತುಳುವಿನ ರಾಗದ ಕೊಂಕಣಿಯಲ್ಲಿ:
‘ಕೊಣೆಂ ತುಕಾ ರಚ್ಲೆಂ?’
ತಿರುಗಿದರೆ ವಾರಿಜ,
ಕೈಯಲ್ಲಿ ಬಂಗುಡೆಯ ತೊಟ್ಟೆ, ಉಗುರಿನ ಬುಡ ಇನ್ನೂ ಕಪ್ಪು.
ಮಗಳ ಮದುವೆ, ಮಂಡಿನೋವು, ಮಾವ್ಶಿಯ ಸಾವು,
ಎಲ್ಲ ಎರಡು ನಿಮಿಷದಲ್ಲಿ.
ಮತ್ತೆ ನಾನೇ ಕೇಳಿದೆ: ‘ಆ ಹಾವು ನೆನಪುಂಟಾ?’
‘ಅದಾ?’ ನಕ್ಕಳು.
‘ತುಳಿದದ್ದಲ್ಲ ಮಾರಾಯ್ತಿ.
ಅವಳಿಗೆ ನಿಲ್ಲಲಿಕ್ಕೆ ಜಾಗ ಕೊಟ್ಟದ್ದು.’

ಉಳ್ಳಾಲದ ಬಸ್ಸು ಬಂತು.
ಬ್ಯಾಗಿನಲ್ಲಿ ಪುಸ್ತಕ, ಪುಸ್ತಕದಲ್ಲಿ ಆ ಚಿತ್ರ,
ಅಂಚಿನ ಬಂಗಾರ ಉದುರಿ ಬರೀ ಕಾಗದ.
ಕೈ ಹಾಕಿದೆ.
ಕಂಡಕ್ಟರ್ ಸೀಟಿ ಊದಿದ.