ಒಳಗೆ ಹೋದವರ ಪಟ್ಟಿ

ಡುಲೂತ್, ಮಿನೆಸೋಟ. ಫೆಬ್ರವರಿ.
ರಾತ್ರಿ ಹನ್ನೊಂದು ಇಪ್ಪತ್ತಾರು.

ರೇಡಿಯೋದಲ್ಲಿ ಮೊದಲು ಬಂದದ್ದು ಎರಡೇ ಪದ,
ಎರಡು ಸಲ: ಗುಂಡು ಹಾರಿದೆ, ಗುಂಡು ಹಾರಿದೆ.
ಗುಬ್ಬಿ ಹಾರಿದ ಹಾಗೆ,
ಕೂತ ಕಡೆಯಿಂದ ತಾನೇ ಎದ್ದು.

ಊರಿನ ಉಳಿದ ಕಳ್ಳತನ, ಕುಡಿತ, ಜಾರಿದ ಕಾರುಗಳೆಲ್ಲ
ಬೇರೆ ಚಾನೆಲ್ಲಿಗೆ ಹೋಗಲಿ ಎಂದಳು ಕಂಟ್ರೋಲ್ ರೂಮಿನವಳು,
ಮಗು ಮಲಗಿದ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಟೋವಾ ಲಿಂಡ್‌ಕ್ವಿಸ್ಟ್, ಕೆಲಸಕ್ಕೆ ಸೇರಿ ಏಳು ತಿಂಗಳು.
ಅವಳ ಕೈಗೆ ಬಂದದ್ದು ಒಂದು ರಟ್ಟು, ಕ್ಲಿಪ್ಪು, ಹಾಳೆ.
"ಟೇಪು ದಾಟಿ ಹೋಗುವವರ ಹೆಸರು, ಬಿಲ್ಲೆ ನಂಬರು,
ಹೋದ ಹೊತ್ತು, ಬಂದ ಹೊತ್ತು, ಯಾಕೆ.
ಮೇಯರ್ ಬಂದರೂ ಬರಿ. ದೇವರು ಬಂದರೂ."
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು. ಪೆನ್ಸಿಲ್ಲು ತಂದರು.

ಹಳದಿ ಟೇಪು ಅಂಚೆಪೆಟ್ಟಿಗೆಯಿಂದ ಸ್ಟಾಪ್ ಬೋರ್ಡಿಗೆ,
ಅಲ್ಲಿಂದ ಯಾರದೋ ಟ್ರಕ್ಕಿನ ಕನ್ನಡಿಗೆ.

ಸಾರ್ಜೆಂಟ್ ವುಕೆಲಿಚ್ ಕೋರಿ ಬ್ಲೇಲಾಕನನ್ನು ಪಕ್ಕಕ್ಕೆ ಕರೆದು
ಜೇಬಿನ ಕಾರ್ಡು ನೋಡಿ ಕೇಳಿದ:
ನಿನಗೆ ಪೆಟ್ಟಾಗಿದೆಯಾ?
ಯಾವ ದಿಕ್ಕಿಗೆ ಹಾರಿಸಿದೆ?
ತಪ್ಪಿಸಿಕೊಂಡವರು ಇದ್ದಾರಾ?
ಅಷ್ಟೇ. ಯಾಕೆ ಎಂಬುದು ಆ ಕಾರ್ಡಿನಲ್ಲಿಲ್ಲ.
ಬ್ಲೇಲಾಕ್ ಬಾಯಿ ತೆರೆದ: "ಅವನ ಕೈಯಲ್ಲಿ..."
"ಸಾಕು. ನನಗೆ ಹೇಳಬೇಡ."
ಗದರಿದಂತಿರಲಿಲ್ಲ. ಬಿಸಿ ಪಾತ್ರೆ ಮುಟ್ಟಬೇಡ ಎಂದಂತಿತ್ತು.

ಅವನ ಪಿಸ್ತೂಲು ಕಾಗದದ ಚೀಲಕ್ಕೆ.
ಸೊಂಟ ಬರಿದಾಗಬಾರದೆಂದು ಬೇರೊಂದು ಪಿಸ್ತೂಲು, ಕೈಗಡ ಕೊಟ್ಟಂತೆ.
ಕಾರಿನಲ್ಲಿ ಪಕ್ಕಕ್ಕೊಬ್ಬ ಸಂಗಾತಿ, ಕೂರಲಿಕ್ಕೆ ಮಾತ್ರ;
ಹಾಕಿ ಮ್ಯಾಚು, ಹವೆ, ಹೆಂಡತಿ, ಕಾಫಿ, ಇಷ್ಟು ಮಾತಾಡಬಹುದು.
ಇಬ್ಬರೂ ಗಾಜಿನ ಮೇಲಿನ ಹಬೆ ನೋಡುತ್ತ ಕೂತರು.

ಸರೋವರದ ಕಡೆಯಿಂದ ಹಿಮ ಶುರುವಾಯಿತು.
ನೆಲದಲ್ಲಿ ಮೂರು ಖಾಲಿ ತೋಟಾ.
ಮುಚ್ಚಿಹೋದಾವೆಂದು ಯಾರೋ ಓಡಿ
ಪೆಟ್ರೋಲ್ ಬಂಕಿನಿಂದ ಪಿಜ್ಜಾ ಡಬ್ಬ ತಂದು ಬೋರಲು ಹಾಕಿದರು.
ಮೇಲೆ ಕೆಂಪಕ್ಷರ: ಬಿಸಿ ಇದೆ, ಎಚ್ಚರ.

ಹನ್ನೆರಡೂ ಹತ್ತಕ್ಕೆ ಅವಳು ಬಂದಳು.
ನೈಟಿಯ ಮೇಲೆ ಗಂಡನ ಕೋಟು, ಕಾಲಲ್ಲಿ ಮನೆಯ ಚಪ್ಪಲಿ.
"ಐಲಾ ಹೆಕ್ಕಿಲಾ. ಕ-ಗೆ ಒತ್ತು ಇದೆ, ಎಲ್ಲರೂ ಮರೀತಾರೆ.
ಡ್ವೇನ್ ನನ್ನ ಮಗ. ಇದಾನಾ?"
ಟೋವಾಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಲು
ಗೊತ್ತುಮಾಡಿದವರು ಬೇರೆ, ಅವರಿನ್ನೂ ದಾರಿಯಲ್ಲಿದ್ದರು.
"ದಯವಿಟ್ಟು ಟೇಪಿನ ಆಚೆ ನಿಲ್ಲಿ."
ಮನೆಯೊಳಗೆ ನಾಯಿ ಬೊಗಳುತ್ತಿತ್ತು.
"ಅದಕ್ಕೆ ಊಟ ಹಾಕಿರಲ್ಲ ಅವನು," ಎಂದಳು.
ಟೋವಾ ಕೈಗವಸು ಬಿಚ್ಚಿ ಕೊಟ್ಟಳು.
ಅದಕ್ಕೊಂದು ಕಾಲಂ ಇರಲಿಲ್ಲ.

ಬೀದಿಯ ತುದಿಗೆ ಟೀವಿಯವರ ದೀಪ.
ಕಾರಿನ ಬಾನೆಟ್ಟಿಗೆ ಒರಗಿ ಓಡೆಗಾರ್ಡ್ ಹೇಳಿಕೆ ಬರೆಯುತ್ತಾಳೆ:
ಅಧಿಕಾರಿಯೊಬ್ಬರು ಗುಂಡು ಹಾರಿಸಿದರು.
ಅಳಿಸುತ್ತಾಳೆ.
ಗುಂಡು ಹಾರಿದೆ. ವ್ಯಕ್ತಿಯೊಬ್ಬರು ಮೃತಪಟ್ಟಿದ್ದಾರೆ.
ಒಂದು 'ಇಸು' ಹೋಯಿತು, ಜೊತೆಗೊಬ್ಬ ಮನುಷ್ಯ.
ಸುಳ್ಳು ಒಂದೂ ಇಲ್ಲ, ವ್ಯಾಕರಣ ಶುದ್ಧ.
ತಲೆಯೆತ್ತಿದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಆ ಕೋಟು.
ಆ ಎರಡಕ್ಷರ ಮತ್ತೆ ಸೇರಿಸಿ ಮೇಲಿನವರಿಗೆ ಕಳಿಸಿದಳು.
ಅವರು ಮತ್ತೆ ತೆಗೆದರು.
ಆದರೆ ದೀಪಗಳ ಕಡೆ ಹೋಗುವ ಮೊದಲು
ಕೋಟಿನ ಕಡೆ ನಡೆದಳು. ಏನು ಹೇಳಿದಳೋ,
ಹಿಮದಲ್ಲಿ ಒಂದು ಚಪ್ಪಲಿ ಮಾತ್ರ ಉಳಿಯಿತು.

ನಾಲ್ಕಕ್ಕೆ ಶವಪರೀಕ್ಷೆಯವರ ವ್ಯಾನು.
ಟೋವಾ ಬರೆದಳು: ಒಳಗೆ, ಇಬ್ಬರು, ನಾಲ್ಕೂ ಎಂಟು.
ಹೊರಗೆ, ನಾಲ್ಕೂ ನಲವತ್ತೊಂದು,
ಪೆನ್ಸಿಲ್ಲು ನಿಂತಿತು.
ಹೋದವರು ಇಬ್ಬರು, ಬಂದವರು ಮೂವರು.
ಮೂರನೆಯವನ ಹೆಸರು ಮೇಲೆಲ್ಲೂ ಇಲ್ಲ;
ಟೇಪು ಕಟ್ಟುವ ಮೊದಲೇ ಅವನು ಒಳಗಿದ್ದ.

ಬಿಲ್ಲೆ ನಂಬರು ಖಾಲಿ ಬಿಟ್ಟಳು. ಯಾಕೆ, ಅದನ್ನೂ.
ಹೆಸರು ಬರೆದಳು, ಕ-ಗೆ ಒತ್ತು ಕೊಟ್ಟಳು.
ಆಮೇಲೆ ರೇಡಿಯೋ ಒತ್ತಿ ಕೇಳಿದಳು:
ಒಳಗಿರುವ ನಾಯಿಗೆ ಯಾರು?