ಉಗುರಗಲ

ಯಾದಗಿರಿಯಲ್ಲಿ ಮೇ ತಿಂಗಳ ಹನ್ನೊಂದು ಗಂಟೆಗೆ
ಪೆನ್ನಿನ ಮಸಿ ಮೂತಿಯಲ್ಲೇ ಒಣಗುತ್ತದೆ.
ಜಗದೇವಿ ಹಸಿ ಬಟ್ಟೆಯ ತುದಿ ಒತ್ತಿ ಹಿಡಿದರೆ
ಮತ್ತೆ ಹರಿಯುತ್ತದೆ ಗೆರೆ, ಸುರುಳಿ ಕಾಗದದ ಮೇಲೆ,
ಕೆಮ್ಮಿ ಕೆಮ್ಮಿ.

ಗುಡ್ಡದ ಹಿಂದಿನ ಬಂಡೆಹಾಸಿನಲ್ಲಿ ನಮ್ಮ ತಂತಿಗಳು:
ನೂರಿಪ್ಪತ್ತು ಬಿದಿರ ಗಳು, ತಾಮ್ರ, ಒಂದಷ್ಟು ಕಾಗೆ.
ಅವು ಕೇಳುವುದು ಸೂರ್ಯನನ್ನಲ್ಲ.
ಅವನ ತೆಂಕಣ ಮಗ್ಗುಲಲ್ಲಿ, ಅವನಿಗಿಂತ ಎಷ್ಟೋ ಆಚೆ,
ಹೆಸರಿಲ್ಲದ, ಪಟ್ಟಿಯಲ್ಲಿ ನಂಬರು ಮಾತ್ರ ಇರುವ
ಒಂದು ಚುಕ್ಕೆಯ ರೇಡಿಯೋ ಗುನುಗು
ಸೂರ್ಯನ ಗಾಳಿ ಹಾಯ್ದು ಬರುವಾಗ ನಡುಗುತ್ತದೆ.
ಆ ನಡುಕ ನಮಗೆ ಬೇಕು.

ಎಲ್ಲವೂ ನಡುಗುವುದಿಲ್ಲ, ಅಂದೆ ಜಗದೇವಿಗೆ.
ಅಗಲಕ್ಕೆ ಹರಡಿಕೊಂಡದ್ದು ಹಾಗೇ ಇರುತ್ತದೆ,
ಸಾಸಿವೆಯಂಥದ್ದಷ್ಟೇ ಮಿನುಗುವುದು.
"ದೊಡ್ಡೋರು ಎಲ್ಲಿ ಅಳುಕ್ತಾರ್ರೀ ಸರ,"
ಮಸಿಬೆರಳು ಸೆರಗಿಗೆ ಒರೆಸಿದಳು, "ಸಣ್ಣೋರೇ ನಡಗಬೇಕು."

ಬೀದರಿನಲ್ಲಿ ಇಸ್ಮಾಯಿಲನದು ಇಂಥದೇ ಇನ್ನೊಂದು ಬಯಲು,
ಕೆಂಪು ಮಣ್ಣು, ಇಂಥದೇ ಪೆನ್ನು.
ಬಾನುಲಿಯ ಪೀಪಿಗೆ ಇಬ್ಬರೂ ಗಡಿಯಾರ ಹೊಂದಿಸುತ್ತೇವೆ.
ಮರುದಿನದ ಬಸ್ಸಿಗೆ ಕಂಡಕ್ಟರನ ಕೈಲಿ ಅವನ ಸುರುಳಿ ಬರುತ್ತದೆ,
ಕೆಲವೊಮ್ಮೆ ಎಣ್ಣೆಕಲೆ, ಒಮ್ಮೆ ಅದರೊಳಗೆ
ಅವನ ಅಕ್ಕನ ಮದುವೆಯ ಕರೆಯೋಲೆ.

ಕಿಟಕಿಯ ಗಾಜಿಗೆ ಎರಡೂ ಕಾಗದ ಒತ್ತಿ
ಒಂದನ್ನು ಮೆಲ್ಲಗೆ ಸರಿಸುತ್ತೇನೆ,
ಅವನ ಏರಿಳಿತ ನನ್ನ ಏರಿಳಿತದ ಮೇಲೆ
ಹೊಲಿದಂತೆ ಕೂರುವ ತನಕ.
ಸರಿದದ್ದು ಹೆಬ್ಬೆರಳ ಉಗುರಗಲ.
ಬೀದರಿನ ನಡುಕ ಯಾದಗಿರಿ ಮುಟ್ಟಲು
ಸೆಕೆಂಡಿನ ಮೂರನೇ ಒಂದು ಪಾಲು.
ಬಸ್ಸಿಗೆ ನಾಲ್ಕೂವರೆ ತಾಸು.

ಅವ್ವ ಕೇಳುತ್ತಾಳೆ: ಆ ಗಾಳಿಗೆ ತೊಗರಿ ತೂರಬಹುದೇನು?
ಇಲ್ಲವ್ವ, ಮೊರದ ಒಂದು ಹೊಟ್ಟೂ ಹಾರದು.
ಬೆಲ್ಲದ ಚೂರಿನಷ್ಟು ಜಾಗದಲ್ಲಿ ಐದಾರು ಕಣ ಇದ್ದರೆ ಹೆಚ್ಚು.
"ಮತ್ಯಾಕ ಅದಕ್ಕ ಗಾಳಿ ಅಂತೀರಿ?"
ಉತ್ತರ ಹೊಳೆಯದೆ ರೊಟ್ಟಿ ಮುರಿದೆ.

ಮೊನ್ನೆ ಸರಿಸಿದೆ, ಸರಿಸಿದ ಕೂಡಲೇ ಕೂತಿತು.
ಅರ್ಧ ಉಗುರು. ಮತ್ತೆ ಅಳೆದೆ. ಅರ್ಧವೇ.
ಗಾಳಿ ಜೋರಾದಷ್ಟೂ ಬೀದರು ಹತ್ತಿರ.
ಟ್ರಂಕ್ ಕಾಲ್ ಹಚ್ಚಿ ಕೂಗಿದೆ:
ಇಸ್ಮಾಯಿಲ, ನಾಳೆ ಬರುತ್ತದೆ!
ಗೊರಗೊರ ಸದ್ದಿನಾಚೆಯಿಂದ ಅವನು:
"ಯಾರು, ಬೀಗರಾ?"

ಬಂತು, ಮಧ್ಯಾಹ್ನ ಮೂರಕ್ಕೆ.
ದಿಕ್ಸೂಚಿಯ ಮುಳ್ಳು ಕೂದಲೆಳೆಯಷ್ಟು ವಾಲಿದ್ದನ್ನು
ನಾನೊಬ್ಬನೇ ನೋಡಿದೆ.
ಹೊರಗೆ ಬೇವಿನ ಒಂದೆಲೆಯೂ ಅಲುಗಲಿಲ್ಲ.
ಜಗದೇವಿ ಹಸಿ ಬಟ್ಟೆ ಹಿಂಡುತ್ತ
ಪೆನ್ನಿನ ಮೂತಿಯನ್ನೇ ನೋಡುತ್ತಿದ್ದಳು.